ಕೊರತೆಯೇ, ಕಾಯಿಲೆಯೇ?

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನನ್ನಲ್ಲಿ ಸಲಹೆಗೆ ಬಂದ, ಕುಂದಾಪುರದ ಕಡೆಯ, ಈಗ ಮುಂಬೈ ಬಳಿಯ ಡೊಂಬಿವಲಿಯಲ್ಲಿರುವ 29 ವರ್ಷದ ಯುವಕರು ಮಾಟುಂಗದ ಹೋಟೆಲೊಂದರ ಗಲ್ಲೆಯಲ್ಲಿ ಕೂರುತ್ತಾರೆ. ಮೂರು ವರ್ಷಗಳಿಂದ ನಸುಕಿನಲ್ಲಿ ನೋವಿನಿಂದಲೇ ಎಚ್ಚರ; ಎದ್ದಮೇಲೆ ಗಂಟೆಯ ತನಕ ಬೆನ್ನು ಬಗ್ಗದು, ಓಡಾಡಿದರೆ ಸಡಿಲವಾಗುತ್ತದೆ, ಕೂತರೆ ಮತ್ತೆ ಬಿಗಿಯುತ್ತದೆ. ಸಂಧಿವಾತ ತಜ್ಞರು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನೆಲುಬಿನ ಕೀಲುಗಳ ದೀರ್ಘಕಾಲದ ಉರಿಯೂತ) ಎಂದು ಗುರುತಿಸಿ ಉರಿಯೂತ ತಗ್ಗಿಸುವ ಮಾತ್ರೆ ಕೊಟ್ಟಿದ್ದರು. ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ಪ್ರತಿ ಮಿಲಿಲೀಟರಿಗೆ 11 ನ್ಯಾನೋಗ್ರಾಂ ಮಾತ್ರ ಇತ್ತು. 20ಕ್ಕಿಂತ ಕಡಿಮೆಯಾದರೆ ಅದನ್ನು ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ.

ವರದಿ ಕಂಡದ್ದೇ ಅವರು ಮಾತ್ರೆ ಬಿಟ್ಟು, ವಾರಕ್ಕೊಂದರಂತೆ ಬರೆದುಕೊಟ್ಟಿದ್ದ 60,000 ಯೂನಿಟ್‌ನ ಪುಡಿಯನ್ನು ಹದಿನಾರು ದಿನ ದಿನವೂ ಹಾಲಿಗೆ ಬೆರೆಸಿ ಕುಡಿದಿದ್ದರು. "ಕೊರತೆಯಾದರೆ ತುಂಬಿಸಬಹುದಲ್ಲ ಮೇಡಂ, ಕಾಯಿಲೆಯಾದರೆ ಜನ್ಮವಿಡೀ" ಎಂದರು. ಮದುವೆಗೆ ನೋಡಿದ್ದ ಹುಡುಗಿಯ ಮನೆಯವರಿಗೂ ತಾಯಿ "ವಿಟಮಿನ್ ಕಡಿಮೆ" ಎಂದಷ್ಟೇ ತಿಳಿಸಿದ್ದರು.

ಪುಡಿಯನ್ನು ಅಂದೇ ನಿಲ್ಲಿಸಿ, ವೈದ್ಯರಿಗೆ ಇದ್ದದ್ದನ್ನು ಇದ್ದಂತೆ ತಿಳಿಸಿ, ರಕ್ತದ ಕ್ಯಾಲ್ಸಿಯಂ ಮತ್ತು ಮೂತ್ರಪಿಂಡದ ಪರೀಕ್ಷೆ ಮಾಡಿಸಲು ಹೇಳಿದೆ. ಈ ವಿಟಮಿನ್ ದೇಹದ ಕೊಬ್ಬಿನಲ್ಲಿ ಶೇಖರವಾಗುವುದರಿಂದ, ಮಿತಿಮೀರಿದರೆ ಕ್ಯಾಲ್ಸಿಯಂ ಏರಿ ವಾಂತಿ, ಬಾಯಾರಿಕೆ, ಮೂತ್ರಪಿಂಡದ ಕಲ್ಲು ಬರಬಹುದು.

ಅವರ ಗೊಂದಲಕ್ಕೆ ಕಾರಣವಿಲ್ಲದೆ ಇರಲಿಲ್ಲ. ತೀವ್ರ ಕೊರತೆಯಿಂದಲೂ ಮೂಳೆ ನೋಯುತ್ತದೆ, ಮತ್ತು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರುವವರಲ್ಲಿ ವಿಟಮಿನ್ ಡಿ ಮಟ್ಟ ಕಡಿಮೆಯಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಆದರೆ ಕೊರತೆಯೇ ರೋಗಕ್ಕೆ ಕಾರಣವೆಂಬುದಾಗಲಿ, ಅದನ್ನು ನೀಗಿದರೆ ಬೆನ್ನಿನ ಉರಿಯೂತ ಶಮನವಾಗುತ್ತದೆಂಬುದಾಗಲಿ ಸಾಬೀತಾಗಿಲ್ಲ. ಹಾಗಿದ್ದರೂ ಕೊರತೆಯನ್ನು ಸರಿಪಡಿಸಲೇಬೇಕು, ಏಕೆಂದರೆ ಈ ಉರಿಯೂತವು ಎಳೆಯ ವಯಸ್ಸಿನಲ್ಲೇ ಬೆನ್ನೆಲುಬನ್ನು ಟೊಳ್ಳಾಗಿಸಬಲ್ಲದು. ಕತ್ತಲಿರುವಾಗಲೇ ಲೋಕಲ್ ಹಿಡಿದು ಕತ್ತಲಾದ ಮೇಲೆ ಮರಳುವವರಿಗೆ ಬಿಸಿಲೆಲ್ಲಿಯದು? ಗಾಜಿನಾಚೆಯ ಬಿಸಿಲಿನಿಂದ ಚರ್ಮದಲ್ಲಿ ಈ ವಿಟಮಿನ್ ತಯಾರಾಗದು. ಆದ್ದರಿಂದ ಮಧ್ಯಾಹ್ನದ ಬಿಡುವಿನಲ್ಲಿ ಸ್ವಲ್ಪ ಹೊತ್ತು ಬಯಲಲ್ಲಿ ನಡೆಯಲು ಸೂಚಿಸಿದೆ. ಬೆನ್ನಿಗೂ ಆ ನಡಿಗೆ ಬೇಕು. ಈ ಕಾಯಿಲೆಯಲ್ಲಿ ಕಣ್ಣಿಗೂ ಉರಿಯೂತ ಬರಬಹುದಾದ್ದರಿಂದ, ಕಣ್ಣು ಕೆಂಪಾಗಿ ನೋಯತೊಡಗಿದರೆ ಅದೇ ದಿನ ನೇತ್ರತಜ್ಞರನ್ನು ಕಾಣಬೇಕೆಂದು ಒತ್ತಿ ಹೇಳಿದೆ.

ತಾಯಿಯೊಡನೆ ಬೇರೆಯಾಗಿ ಕೂತು ಮಾತನಾಡಿದೆ. ಚಿಕಿತ್ಸೆ ತಪ್ಪಿಸದೆ ದುಡಿದು, ಸಂಸಾರ ನಡೆಸುವವರು ಬಹಳ ಮಂದಿ ಇದ್ದಾರೆ. ಆದರೆ ದಿನಬೆಳಗಾದರೆ ಕಾಣುವ ಬಿಗಿತವನ್ನು ಸೊಸೆಯಿಂದ ಮರೆಮಾಡಲಾಗದು ಎಂದಾಗ ಅವರು ಬಹಳ ಹೊತ್ತು ಅತ್ತರು. ಕ್ಯಾಲ್ಸಿಯಂ ಏರಿರಲಿಲ್ಲ, ವೈದ್ಯರ ಸಲಹೆಯಂತೆ ಮಗ ಮಾತ್ರೆಗಳನ್ನು ಮತ್ತೆ ಆರಂಭಿಸಿದ್ದಾರೆ. ಮುಂದಿನ ಸಲ ತಜ್ಞರ ಬಳಿಗೆ ತಾಯಿಯೂ ಹೋಗುತ್ತಾರೆ. ಹುಡುಗಿಯ ಮನೆಯವರಿಗೆ ಯಾರು, ಹೇಗೆ ತಿಳಿಸಬೇಕೆಂಬುದನ್ನು ಅದಾದ ಮೇಲೆ ಮೂವರೂ ಕೂತು ಮಾತನಾಡಲಿದ್ದೇವೆ.