ಒಟ್ಟಿಗೆ ಹತ್ತುವ ದೀಪಗಳು

ಪ್ರಶ್ನೆ: ನನ್ನದು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ 2012ರ ಡೀಸೆಲ್ ಕಾರು. ಮಳೆಯಲ್ಲಿ ಹೆಡ್‌ಲೈಟ್, ವೈಪರ್ ಹಾಕಿದರೆ ಬ್ಯಾಟರಿ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಏರ್‌ಬ್ಯಾಗ್ ದೀಪಗಳು ಹತ್ತಿ ಆರುತ್ತವೆ. ಗ್ಯಾರೇಜಿಗೆ ಒಯ್ದರೆ ಒಂದೂ ಹತ್ತುವುದಿಲ್ಲ! ಎಬಿಎಸ್ ಸೆನ್ಸರ್ ಬದಲಿಸಿ ಎನ್ನುತ್ತಾರೆ. ಬದಲಿಸಲೇ?
– ಓದುಗರೊಬ್ಬರು, ಸಾಗರ

ಉತ್ತರ: ಸದ್ಯಕ್ಕೆ ಬೇಡ. ಮೂರೂ ಒಟ್ಟಿಗೆ ಕೆಡುವುದು ಅಪರೂಪ, ಅಲ್ವಾ? ನನಗೆ ಅನುಮಾನ ಮೂರಕ್ಕೂ ಹೋಗುವ ಕರೆಂಟಿನ ಮೇಲೆ. ಬ್ಯಾಟರಿ ಟರ್ಮಿನಲ್ ಅಲ್ಲಾಡುತ್ತದೆಯೇ, ಪುಡಿ ಕಟ್ಟಿದೆಯೇ ನೋಡಿ. ಅರ್ತ್ ವೈರ್ ಕಾರಿನ ಲೋಹದ ಮೈಗೆ ಸೇರುವ ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಬಿಗಿ ಮಾಡಿಸಿ. ನಿಮ್ಮ ಕಡೆಯ ಮಳೆಗೆ ಅದು ಬೇಗ ತುಕ್ಕು ಹಿಡಿಯುತ್ತದೆ.

ಆಮೇಲೆ ಮಲ್ಟಿಮೀಟರ್ ಹಿಡಿಸಿ. ಎಂಜಿನ್ ನಿಂತು ಕೆಲವು ಗಂಟೆಯಾದ ಮೇಲೆ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇರಬೇಕು. ಎಂಜಿನ್ ಓಡುವಾಗ, ಹೆಡ್‌ಲೈಟ್, ಎಸಿ ಎಲ್ಲ ಹಾಕಿದರೂ 13.5ರಿಂದ 14.5ರ ಆಸುಪಾಸು. 13ಕ್ಕಿಂತ ಇಳಿದರೆ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಅಥವಾ ಅದರ ಬೆಲ್ಟ್ ನೋಡಿಸಿ. ಇದೆಲ್ಲ ಸರಿಯಿದ್ದು ಎಬಿಎಸ್ ದೀಪ ಮಾತ್ರ ಉಳಿದರೆ ಚಕ್ರದ ಸೆನ್ಸರ್ ವಿಚಾರ. ದೀಪ ಆರಿದ ಮೇಲೂ ಕಾರಿನ ಕಂಪ್ಯೂಟರಿನಲ್ಲಿ ದೋಷದ ಕೋಡ್ ಸಾಮಾನ್ಯವಾಗಿ ಉಳಿದಿರುತ್ತದೆ. ಅದನ್ನು ಓದುವ ಸ್ಕ್ಯಾನರ್ ಹಾಕದೆ ಸುಮ್ನೆ ಪಾರ್ಟ್ ಬದಲಿಸುವವರಿಗೆ ದುಡ್ಡು ಕೊಡಬೇಡಿ.

ಕೆಂಪು ಆಯಿಲ್ ದೀಪ ಹತ್ತಿದರೆ ಮಾತ್ರ ಈ ತಾಳ್ಮೆ ಬೇಡ. ಗಾಡಿ ಬದಿಗೆ ಹಾಕಿ, ಎಂಜಿನ್ ಆಫ್ ಮಾಡಿ.