ವಯಸ್ಸಾದಂತೆ ಹಳೆಯ ನೆನಪುಗಳು ಯಾಕೆ ಮಸುಕಾಗುತ್ತವೆ?

ವಯಸ್ಸು 55 ದಾಟಿದೆ, ಕಾಲೇಜಿನ ದಿನಗಳು ಕಣ್ಣಿಗೆ ಕಟ್ಟಿದ ಹಾಗಿವೆ, ಆದರೆ ನಲವತ್ತರಲ್ಲಿ ಮಾಡಿದ ಚಾರಣ, ಆಡಿದ ಆಟ ಸರಿಯಾಗಿ ನೆನಪಿಲ್ಲ, ಇದು ಕಾಯಿಲೆಯಾ ಅಂತ ಕೇಳಿದ್ದೀರಿ. ಇಷ್ಟೇ ಆಗಿದ್ದರೆ ಗಾಬರಿ ಬೇಡ. ನಾನು ನಿಮಗಿಂತ ದೊಡ್ಡವನು, ನನ್ನ ಕಥೆಯೂ ಇದೇ.

ನಡುವಯಸ್ಸು ದಾಟಿದವರನ್ನು ಹಳೆಯದೇನಾದರೂ ಹೇಳಿ ಅಂದರೆ, ಹೆಚ್ಚಿನವರು ಸುಮಾರು 10ರಿಂದ 30ರ ವಯಸ್ಸಿನ ಸಂಗತಿಗಳನ್ನೇ ಜಾಸ್ತಿ ಹೇಳುತ್ತಾರೆ. ಮೊದಲ ಕೆಲಸ, ಮೊದಲ ಪ್ರೀತಿ, ಮನೆ ಬಿಟ್ಟು ಹೊರಟದ್ದು ಎಲ್ಲಾ ಆಗಲೇ ಅಲ್ವಾ? ಆಮೇಲೆ ಬದುಕು ಒಂದು ದಾರಿಗೆ ಬೀಳುತ್ತದೆ. ಒಂದೇ ಥರದ ದಿನಗಳು ಒಂದರೊಳಗೊಂದು ಬೆರೆತುಹೋಗುತ್ತವೆ.

ನಾನು ವರ್ಷಗಟ್ಟಲೆ ಬ್ಯಾಡ್ಮಿಂಟನ್ ಆಡಿದವನು. ಆಡುತ್ತಿದ್ದೆ ಅನ್ನೋದು ಗೊತ್ತು, ಯಾರು ಜೋಡಿ ಅನ್ನೋದೂ ಗೊತ್ತು. ಬಿಡಿಬಿಡಿಯಾಗಿ ಕೇಳಿದರೆ ಒಂದೇ ಒಂದು ಪಂದ್ಯ ಉಳಿದಿದೆ, ಅದೂ ನಡುವೆ ಕರೆಂಟ್ ಹೋಗಿ ಕತ್ತಲಲ್ಲೇ ಜಗಳ ಆಡಿದ್ದಕ್ಕೆ. ವಯಸ್ಸಾದಂತೆ ಆಗುವುದು ಹೀಗೇ: ಸಾರಾಂಶ ಉಳಿಯುತ್ತದೆ, ಎಲ್ಲಿ, ಯಾವಾಗ, ಯಾರು ಏನಂದರು ಎಂಬ ವಿವರ ಸವೆಯುತ್ತದೆ. ಕೈಗೆ ಕೂತ ವಿದ್ಯೆ ಮಾತ್ರ ಗಟ್ಟಿ. ಈಗಲೂ ರಾಕೆಟ್ ಹಿಡಿದರೆ ಬೆರಳು ತಾನಾಗಿ ಜಾಗ ಹುಡುಕಿಕೊಳ್ಳುತ್ತದೆ. ಮಂಡಿ ಒಪ್ಪಲ್ಲ, ಅದು ಬೇರೆ ಮಾತು.

ಇನ್ನೊಂದು ವಿಷಯ. ನೆನಪಾಗುತ್ತಿಲ್ಲ ಅಂದರೆ ಅಳಿಸಿಹೋಗಿದೆ ಅಂತಲೇ ಅಲ್ಲ. ವಿಲೆಮ್ ವಾಗೆನಾರ್ ಎಂಬ ಡಚ್ ಮನಶ್ಶಾಸ್ತ್ರಜ್ಞ ಆರು ವರ್ಷ ತನ್ನ ದಿನದ ಘಟನೆಗಳನ್ನು ಏನು, ಯಾರು, ಎಲ್ಲಿ, ಯಾವಾಗ ಅಂತ ಬರೆದಿಟ್ಟು, ಆಮೇಲೆ ತನ್ನನ್ನೇ ಪರೀಕ್ಷೆ ಮಾಡಿಕೊಂಡರು. ಅದು 1986ರಲ್ಲಿ ಪ್ರಕಟವಾಯಿತು. ತಾರೀಕು ಒಂದನ್ನೇ ನೋಡಿದಾಗ ಅವರಿಗೆ ಹೆಚ್ಚುಕಡಿಮೆ ಏನೂ ಹೊಳೆಯಲಿಲ್ಲ. ಏನು ನಡೆಯಿತು ಎಂಬ ಸುಳಿವು ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿತು. ಆಗ ಅವರಿಗೆ ವಯಸ್ಸು ನಲವತ್ತರ ಆಸುಪಾಸು! ಹಾಗಾಗಿ 'ಆ ವರ್ಷ ಏನು ಮಾಡಿದೆ' ಅಂತ ಸುಮ್ನೆ ತಲೆ ಕೆರೆದುಕೊಳ್ಳಬೇಡಿ. ಹಳೆಯ ಫೋಟೋ ತೆಗೆಯಿರಿ, ಜೊತೆಗಿದ್ದವರಿಗೆ ಫೋನ್ ಮಾಡಿ. ಆದರೆ ಅವರು ಹೇಳಿದ್ದೇ ನಿಮ್ಮ ನೆನಪಾಗಿ ಕೂತುಬಿಡಬಹುದು, ಅದೊಂದು ಎಚ್ಚರ ಇರಲಿ.

ಹಾಗಂತ ಎಲ್ಲಾ ಮರೆವನ್ನೂ ವಯಸ್ಸಿನ ಲೆಕ್ಕಕ್ಕೆ ಬರೆಯಬೇಡಿ. ಈಗಷ್ಟೇ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಗೊತ್ತಿರುವ ದಾರಿ ತಪ್ಪುವುದು, ದಿನನಿತ್ಯದ ಲೆಕ್ಕ ತಡವರಿಸುವುದು ಕಂಡರೆ ಡಾಕ್ಟರ್ ಹತ್ತಿರ ಹೋಗಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ನಿದ್ದೆಗೇಡು, ಕೆಲವು ಮಾತ್ರೆಗಳಿಂದಲೂ ಮರೆವು ಬರುತ್ತದೆ. ಇವಕ್ಕೆಲ್ಲ ಚಿಕಿತ್ಸೆ ಇದೆ.