ಯುದ್ಧಕಾಲದ ಜೀಪಿಗೆ ಹೊಸ ಬಿಡಿಭಾಗ: ಓದುಗರ ಪ್ರಶ್ನೆಗಳಿಗೆ ಟೂಲ್‌ರೂಮಿನ ಉತ್ತರ

(ಉತ್ತರಿಸುವವರು: ಚಿಂಚವಡದ ನಿವೃತ್ತ ಟೂಲ್‌ಮೇಕರ್)

ಪ್ರಶ್ನೆ: ನಮ್ಮ ತಂದೆಯವರು ಸೈನ್ಯದ ಹರಾಜಿನಲ್ಲಿ ಕೊಂಡಿದ್ದ ಜೀಪು ಖಡಕಿಯ ಮನೆಯ ಹಿಂದೆ ನಿಂತಿದೆ. ಕಾಗದದಲ್ಲಿ 1943ರ ಮಾಡೆಲ್ ಎಂದಿದೆ. ಟೂಲ್‌ಬಾಕ್ಸ್ ಮುಚ್ಚಳ, ಹಿಂದಿನ ಪೆಟ್ರೋಲ್ ಕ್ಯಾನಿನ ಬ್ರಾಕೆಟ್, ಬಾನೆಟ್ಟಿನ ಕೊಂಡಿ ಯಾವುದೂ ಇಲ್ಲ. ಬೋಲ್ಟುಗಳೂ ಹಲವು ಕಳೆದಿವೆ. ಗೆಳೆಯರ ಜೀಪಿನಿಂದ ಸ್ಯಾಂಪಲ್ ತಂದುಕೊಟ್ಟರೆ ಲೇಸರ್‌ನಲ್ಲಿ ಕತ್ತರಿಸಿ ಹಾಗೇ ಮಾಡಿಕೊಡುತ್ತೇವೆ ಎಂದು ಭೋಸರಿಯ ವರ್ಕ್‌ಶಾಪಿನವರು ಹೇಳುತ್ತಾರೆ. ಅಸಲಿನಂತೆ ಬರುತ್ತದೆಯೆ?
— ಒಬ್ಬ ಓದುಗರು, ಖಡಕಿ, ಪುಣೆ

ಉತ್ತರ: ಬರುತ್ತದೆ. ಆದರೆ ಸ್ಯಾಂಪಲ್ ತರುವ ಮೊದಲು ನಿಮ್ಮ ಜೀಪು ಯಾರ ಕಾರ್ಖಾನೆಯದು ಎಂದು ತಿಳಿದುಕೊಳ್ಳಿ. ಎರಡನೇ ಮಹಾಯುದ್ಧದಲ್ಲಿ ವಿಲ್ಲಿಸ್ ಕಂಪನಿಯ ಎಂ.ಬಿ. ಮತ್ತು ಫೋರ್ಡ್ ಕಂಪನಿಯ ಜಿ.ಪಿ.ಡಬ್ಲ್ಯೂ. ಮಾಡೆಲ್ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾದವು. ದೂರದಿಂದ ಎರಡೂ ಒಂದೇ. ಮುಂದಿನ ಗ್ರಿಲ್ಲಿನ ಕೆಳಗೆ ಬಗ್ಗಿ ಚಾಸಿಯ, ಅಂದರೆ ಜೀಪಿನ ಅಡಿಯ ಉಕ್ಕಿನ ಚೌಕಟ್ಟಿನ, ಅಡ್ಡಪಟ್ಟಿ ನೋಡಿ: ದುಂಡನೆಯ ಪೈಪಾದರೆ ವಿಲ್ಲಿಸ್, ಕವುಚಿ ಹಾಕಿದ ಚಾನೆಲ್ (‘ಯು’ ಆಕಾರದ ಪಟ್ಟಿ) ಆದರೆ ಫೋರ್ಡ್. ಫೋರ್ಡಿನವರು ಚಾಸಿ ನಂಬರನ್ನು ಎಡಗಡೆಯ ರೈಲಿನ, ಅಂದರೆ ಚಾಸಿಯ ಉದ್ದತೊಲೆಯ, ಮೇಲ್ಮೈಯಲ್ಲಿ ಕೊರೆದರು. ವಿಲ್ಲಿಸ್‌ನವರು ಚಿಕ್ಕ ಪ್ಲೇಟಿನ ಮೇಲೆ ಹೊಡೆದು, ಬಂಪರಿನ ಹಿಂದೆ ಎಡ ರೈಲಿನ ಒಳಗೋಡೆಗೆ ರಿವಿಟ್ ಮಾಡಿದರು. ಫೋರ್ಡಾದರೆ ಬ್ರಾಕೆಟ್ಟುಗಳ ಮೇಲೆ, ಬೋಲ್ಟಿನ ತಲೆಗಳ ಮೇಲೆ ಕೂಡ ‘ಎಫ್’ ಅಕ್ಷರ ಸಿಗುತ್ತದೆ.

ಗ್ರಿಲ್ಲಿನ ಸೀಳುಗಳನ್ನೂ ಎಣಿಸಿ. ಒತ್ತಿ ಮಾಡಿದ ಯುದ್ಧಕಾಲದ ಗ್ರಿಲ್ಲಿಗೆ 9, ನಂತರದ ನಾಗರಿಕ ಜೀಪಿಗೆ 7. ನಮ್ಮಲ್ಲಿ 1940ರ ದಶಕದ ಕೊನೆಯಿಂದ ಮಹೀಂದ್ರದವರು ಮುಂಬೈಯಲ್ಲಿ ಜೀಪು ಜೋಡಿಸತೊಡಗಿದ ಮೇಲೆ ಸಿಕ್ಕ ಭಾಗವನ್ನು ಸಿಕ್ಕ ಜೀಪಿಗೆ ಹಾಕಿ ಓಡಿಸಿದವರು ಬಹಳ. ನಿಮ್ಮದೂ ಕಲಬೆರಕೆ ಆಗಿರಬಹುದು. ಬೇಸರ ಬೇಡ. ಚಾಸಿ ಯಾವುದೋ ಅದೇ ಜೀಪಿನ ಗುರುತು. ಉಳಿದದ್ದನ್ನು ಅದಕ್ಕೆ ಹೊಂದಿಸುತ್ತ ಹೋಗಿ.

ಈಗ ಅಳತೆಯ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಯಾಕೆಂದರೆ ಹೊಸ ಹುಡುಗರ ಕೈಯಲ್ಲಿ ಕೆಲಸ ಕೆಡುವುದು ಇಲ್ಲೇ. ಸ್ಯಾಂಪಲ್ಲನ್ನು ಕಂಡ ಹಾಗೆ ನಕಲು ಮಾಡಿದರೆ ಎಂಬತ್ತು ವರ್ಷದ ಸವೆತವನ್ನೂ ನಕಲು ಮಾಡಿದ ಹಾಗೆ. ಸವೆದ ತೂತು ಮೊಟ್ಟೆಯ ಹಾಗೆ ಉದ್ದವಾಗಿರುತ್ತದೆ, ಬಡಿದು ನೇರ ಮಾಡಿದ ತಗಡು ಹಿಗ್ಗಿರುತ್ತದೆ. ತುಕ್ಕು ಹಿಡಿಯದ, ಬೋಲ್ಟಿನ ವಾಷರ್ ಅಡಿ ಮುಚ್ಚಿಕೊಂಡಿದ್ದ ಜಾಗ ಹುಡುಕಿ ದಪ್ಪ ಅಳೆಯಿರಿ. ಡ್ರಾಯಿಂಗನ್ನು ಇಂಚಿನಲ್ಲೇ ಮಾಡಿ. ಪಿನ್ನಿನ ಮೇಲೆ ವರ್ನಿಯರ್ 9.4 ಮಿ.ಮೀ. ತೋರಿಸಿದರೆ ಅದು ಸವೆದ 3/8 ಇಂಚು, ಅಂದರೆ 9.525. ಮಿಲಿಮೀಟರಿನಲ್ಲೇ ಯೋಚಿಸುವವನು ಅದನ್ನು 9.5 ಅಥವಾ 10 ಮಾಡಿಬಿಡುತ್ತಾನೆ. ಆ ಜೀಪನ್ನು ಬರೆದ ಎಂಜಿನಿಯರನ ತಲೆಯಲ್ಲಿ ಇಂಚಿನ ಭಿನ್ನರಾಶಿಗಳಿದ್ದವು. ತೂತಿನಿಂದ ತೂತಿಗೆ ಅಂತರ ಅಳೆದಾಗ ಅವು ಒಂದೊಂದಾಗಿ ಹೊರಗೆ ಬರುವುದನ್ನು ನೋಡುವುದೇ ಒಂದು ಸುಖ.

ತಗಡು ಕೊಳ್ಳುವಾಗಲೂ ಎಚ್ಚರ. ತಗಡಿನ ದಪ್ಪ ಹೇಳುವ ಗೇಜ್ ನಂಬರಿನಲ್ಲಿ ಅಮೆರಿಕದ 16 ಗೇಜ್ ಅಂದರೆ 1.52 ಮಿ.ಮೀ. ನಮ್ಮ ಅಂಗಡಿಗಳಲ್ಲಿ ರೂಢಿಯಲ್ಲಿರುವ ಬ್ರಿಟಿಷ್ 16 ಗೇಜ್ 1.63. ಗೇಜಿನ ಹೆಸರು ಹೇಳದೆ ಮಿಲಿಮೀಟರಿನಲ್ಲಿ ಕೇಳಿ. ಮುಚ್ಚಳದಂತೆ ಉಬ್ಬು-ತಗ್ಗು ಒತ್ತುವ ಭಾಗಕ್ಕೆ ‘ಡೀಪ್ ಡ್ರಾಯಿಂಗ್’ ದರ್ಜೆಯ ಕೋಲ್ಡ್ ರೋಲ್ಡ್ ತಗಡೇ ಬೇಕು, ಇಲ್ಲದಿದ್ದರೆ ಮೂಲೆಯಲ್ಲಿ ಹರಿಯುತ್ತದೆ.

ಲೇಸರ್ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದು ಕತ್ತರಿಸಿದ ಅಂಚಿನಲ್ಲಿ ನೆಟ್ಟಗಿನ ಸಣ್ಣ ಗೆರೆಗಳು ಉಳಿಯುತ್ತವೆ. 1943ರ ಬ್ರಾಕೆಟ್ ಪ್ರೆಸ್ಸಿನಲ್ಲಿ ಪಂಚ್ ಆದದ್ದು: ಒಂದು ಮುಖದ ಅಂಚು ದುಂಡಗೆ ಬಾಗಿರುತ್ತದೆ, ಇನ್ನೊಂದು ಮುಖದಲ್ಲಿ ಬರ್, ಅಂದರೆ ಚೂಪು ಮುಳ್ಳಂಚು, ಇರುತ್ತದೆ. ಅಸಲಿ ತುಂಡಿನಲ್ಲಿ ದುಂಡಗಿನ ಅಂಚು ಯಾವ ಮುಖಕ್ಕಿದೆ ಎಂದು ಬೆರಳಾಡಿಸಿ ನೋಡಿ. ಲೇಸರ್ ತುಂಡಿನ ಅಂಚಿಗೆ ಅರ ಹಾಕಿ ಗೆರೆ ತೆಗೆದು, ಆ ಮುಖದ ಅಂಚನ್ನು ಮಾತ್ರ ದುಂಡಗೆ ಮಾಡಿ. ಬೆಂಡಿಂಗ್‌ನವರಿಗೆ ಮಡಿಕೆಯ ಒಳತಿರುವು ಎಷ್ಟು ದುಂಡಗಿರಬೇಕೆಂದೂ ಬರೆದುಕೊಡಿ; ಹೇಳದಿದ್ದರೆ ತಮ್ಮ ಮೆಷಿನ್ನಿನಲ್ಲಿ ಕೂತಿರುವ ಡೈಯಲ್ಲೇ ಮಡಿಸುತ್ತಾರೆ. ಅಸಲಿನಲ್ಲಿ ಸ್ಪಾಟ್ ವೆಲ್ಡ್ (ಚುಕ್ಕೆಚುಕ್ಕೆಯಾಗಿ ಬೆಸೆದದ್ದು) ಇದ್ದ ಕಡೆ ಸ್ಪಾಟ್ ವೆಲ್ಡೇ ಇರಲಿ. ಮಿಗ್ ವೆಲ್ಡಿಂಗಿನ ಉದ್ದ ಬೆಸುಗೆ ಎಳೆದು ಗ್ರೈಂಡರ್ ಹೊಡೆದದ್ದು ಎಷ್ಟೇ ನುಣುಪಾದರೂ ಗೊತ್ತಾಗುತ್ತದೆ.

ಬೋಲ್ಟಿನ ಮಾತು. ಹಳೆಯ ಅಮೆರಿಕನ್ ಥ್ರೆಡ್ಡಿನ (ತಿರುಪಿನ ಹಲ್ಲಿನ) ಕೋನ 60 ಡಿಗ್ರಿ, ಬ್ರಿಟಿಷ್ ವಿಟ್‌ವರ್ತ್‌ನದು 55. 3/8 ಇಂಚಿನ ಒರಟು ಥ್ರೆಡ್ ಎರಡರಲ್ಲೂ ಇಂಚಿಗೆ 16 ಸುತ್ತು, ಹಾಗಾಗಿ ನಟ್ಟು ಹತ್ತುತ್ತದೆ, ಸರಿಯಾಯಿತು ಅನ್ನಿಸುತ್ತದೆ. ಬಿಗಿ ಮಾಡುವಾಗ ಥ್ರೆಡ್ ಕೆಡುತ್ತದೆ. ಸಣ್ಣ ಥ್ರೆಡ್ಡಿನಲ್ಲಿ 3/8ಕ್ಕೆ ಅಮೆರಿಕನ್ 24, ಬ್ರಿಟಿಷ್ 20. ಬೋಲ್ಟು ಕೊಳ್ಳಲು ಮುಂಬೈಯ ನಾಗ್‌ದೇವಿ ಸ್ಟ್ರೀಟಿಗೋ ನಮ್ಮ ಪುಣೆಯ ಬೋಹರಿ ಆಳಿಗೋ ಹೋಗುವಾಗ ಥ್ರೆಡ್ ಗೇಜ್ ಜೇಬಿನಲ್ಲಿರಲಿ. ಈಗಿನ ಯು.ಎನ್.ಎಫ್. (ಇಂಚಿನ ಏಕೀಕೃತ ಸಣ್ಣ ಥ್ರೆಡ್) ಬೋಲ್ಟು ಆ ಕಾಲದ ಅಮೆರಿಕನ್ ಸಣ್ಣ ಥ್ರೆಡ್ಡಿಗೆ ಕೂರುತ್ತದೆ.

ಕೊನೆಗೆ, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಹೊಸ ಭಾಗ ಎಷ್ಟೇ ಅಸಲಿನಂತಿದ್ದರೂ ಅದು ಹೊಸದೆಂದು ಎಲ್ಲೋ ಒಂದು ಕಡೆ ಬರೆದಿರಬೇಕು. ನಾನು ಮಾಡಿದ ಪ್ರತಿ ಬ್ರಾಕೆಟ್ಟಿನ ಒಳಮೈಗೆ, ಜೋಡಿಸಿದ ಮೇಲೆ ಕಾಣದ ಜಾಗದಲ್ಲಿ, ‘ಗ’ ಎಂಬ ಪಂಚ್ ಹೊಡೆದು ಇಸವಿ ಹಾಕುತ್ತೇನೆ. ನಮ್ಮೂರು ಗದಗ, ಆ ಪಂಚನ್ನು ನಾನೇ ಟೂಲ್ ಸ್ಟೀಲಿನಲ್ಲಿ ಕೆತ್ತಿ ಹದ ಮಾಡಿಕೊಂಡದ್ದು. ಕನ್ನಡ ಅಕ್ಷರ ಕಂಡರೆ ಅಮೆರಿಕದ ಕಾರ್ಖಾನೆಯ ಮಾಲೆಂದು ಯಾರೂ ಮೋಸ ಹೋಗುವುದಿಲ್ಲ. ಫೋರ್ಡಿನ ‘ಎಫ್’ ಅನ್ನು ಹೊಸ ಬೋಲ್ಟಿನ ಮೇಲೆ ಹೊಡೆಯಲೇಬೇಕೆಂದಿದ್ದರೆ ಹೊಡೆಯಿರಿ, ಜೊತೆಗೆ ನಿಮ್ಮ ಗುರುತೂ ಇರಲಿ. ಗ್ಲೋವ್ ಬಾಕ್ಸಿನ ನಾಮಫಲಕದ ಮೇಲೆ ಬೇರೆ ಜೀಪಿನ ನಂಬರ್ ಕೊರೆಯುವುದು, ಚಾಸಿ ನಂಬರ್ ಮುಟ್ಟುವುದು ಮಾತ್ರ ಬೇಡವೇ ಬೇಡ. ಅದು ಅಪರಾಧ. ನಾಳೆ ಆ ಜೀಪಿನ ಚರಿತ್ರೆ ಹುಡುಕುವವರಿಗೂ ಅದು ದ್ರೋಹ.

ಪ್ರಶ್ನೆ: ನಮ್ಮ ವಿಲ್ಲಿಸ್ ಜೀಪಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆ ಒಟ್ಟುಮಾಡಿ ಹೊರಬಿಡುವ ಎರಕದ ಕೊಳವೆ) ಎರಡು ಕಡೆ ಸೀಳಿದೆ. ಅದನ್ನೇ ಮರಳಲ್ಲಿ ಒತ್ತಿ ಹೊಸದು ಎರಕ ಹೊಯ್ಯಬಹುದೆನ್ನುತ್ತಾರೆ. ಸ್ಟಿಯರಿಂಗಿನ ಬೆಲ್‌ಕ್ರ್ಯಾಂಕ್ (ಚಕ್ರಗಳಿಗೆ ತಿರುವು ಮುಟ್ಟಿಸುವ ಸನ್ನೆ) ಪಿನ್ನೂ ಸವೆದಿದೆ, ಅದನ್ನು ಇಲ್ಲಿಯ ಟರ್ನರ್ ಒಬ್ಬರು ಮಾಡಿಕೊಡುತ್ತಾರಂತೆ.
— ಒಬ್ಬ ಓದುಗರು, ಡೊಂಬಿವಲಿ

ಉತ್ತರ: ಹಳೆಯದನ್ನೇ ಪ್ಯಾಟರ್ನ್ (ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ) ಮಾಡಬೇಡಿ. ಎರಕದ ಕಬ್ಬಿಣ ಆರುವಾಗ ನೂರಕ್ಕೆ ಸುಮಾರು ಒಂದರಷ್ಟು ಕುಗ್ಗುತ್ತದೆ. 400 ಮಿ.ಮೀ. ಉದ್ದದಲ್ಲಿ 4 ಮಿ.ಮೀ. ಹೋಯಿತು, ಬ್ಲಾಕಿನ ಸ್ಟಡ್ಡಿಗೆ ತೂತು ಕೂರುವುದಿಲ್ಲ. ಮೆಷಿನಿಂಗ್ ಮಾಡಲು ಮೇಲೆ ಬಿಡಬೇಕಾದ ಲೋಹವೂ ಇರುವುದಿಲ್ಲ. ಇದಕ್ಕೆಂದೇ ಪ್ಯಾಟರ್ನ್ ಮಾಡುವವರ ಬಳಿ ಕುಗ್ಗುವಿಕೆ ಸೇರಿಸಿದ ಬೇರೆ ಸ್ಕೇಲ್ ಇರುತ್ತದೆ. ಈಗ ಭಾಗವನ್ನು ಸ್ಕ್ಯಾನ್ ಮಾಡಿಸಿ, ಕಂಪ್ಯೂಟರಿನಲ್ಲಿ ಅಷ್ಟು ಹಿಗ್ಗಿಸಿ ಪ್ಯಾಟರ್ನ್ ಪ್ರಿಂಟ್ ಮಾಡಿಸುವ ದಾರಿಯೂ ಇದೆ. ಒಳಗಿನ ಟೊಳ್ಳು ಮೂಡಿಸುವ ಮರಳಿನ ತುಂಡಿಗೆ ಕೋರ್ ಬಾಕ್ಸ್ ಎಂಬ ಅಚ್ಚಿನ ಪೆಟ್ಟಿಗೆ ಬೇರೆ ಬೇಕು. ಕೊಲ್ಹಾಪುರದಲ್ಲಿ, ನಮ್ಮ ಬೆಳಗಾವಿಯ ಉದ್ಯಮಬಾಗದಲ್ಲಿ ಇದನ್ನು ಬಲ್ಲ ಫೌಂಡ್ರಿಗಳಿವೆ. ಒಂದೇ ತುಂಡಿಗೆ ಒಪ್ಪಲಾರರು, ನಿಮ್ಮಂಥ ನಾಲ್ಕಾರು ಜನ ಸೇರಿ ಹೋಗಿ. ಅದಕ್ಕೂ ಮೊದಲು ಹಳೆಯದನ್ನು ಪೂರ್ತಿ ಬಿಸಿ ಮಾಡಿ ನಿಕಲ್ ರಾಡಿನಲ್ಲಿ ಬೆಸೆದು, ಬೂದಿಯಲ್ಲಿ ಹೂತು ನಿಧಾನ ಆರಿಸುವ ಅನುಭವಿ ವೆಲ್ಡರ್ ಸಿಗುತ್ತಾರೆಯೇ ನೋಡಿ. ಉಳಿಸಬಹುದಾದ ಅಸಲಿಯನ್ನು ಉಳಿಸುವುದೇ ಮೊದಲ ಕೆಲಸ.

ಪಿನ್ನಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಸ್ಟಿಯರಿಂಗ್, ಬ್ರೇಕ್, ಆಕ್ಸೆಲ್ ಭಾಗಗಳನ್ನು ಗುಜರಿ ರಾಡಿನಿಂದ ತಿರುಗಿಸಬಾರದು. ಇ.ಎನ್. 24ರಂಥ ಗಟ್ಟಿ ಮಿಶ್ರಲೋಹದ ಉಕ್ಕನ್ನು ಪರೀಕ್ಷಾ ಪತ್ರದ ಸಮೇತ ಕೊಳ್ಳಿ, ಹೀಟ್ ಟ್ರೀಟ್‌ಮೆಂಟ್ ಮಾಡಿಸಿ, ಗಡಸುತನ ಅಳೆಸಿ, ಗ್ರೈಂಡಿಂಗ್ ಆದ ಮೇಲೆ ಬಿರುಕಿದೆಯೇ ಎಂದು ಮ್ಯಾಗ್ನೆಟಿಕ್ ಪರೀಕ್ಷೆ ಮಾಡಿಸಿ. ದಪ್ಪ ಬದಲಾಗುವ ಮೆಟ್ಟಿಲಿನಲ್ಲಿ ಚೂಪು ಮೂಲೆ ಬಿಡದೆ ದುಂಡಗೆ ಮಾಡಲು ಟರ್ನರಿಗೆ ಹೇಳಿ. ಪಿನ್ನು ಮುರಿಯುವುದು ಆ ಮೂಲೆಯಿಂದಲೇ. ಇಷ್ಟು ಮಾಡಿಸಲಾಗದಿದ್ದರೆ ಸಿದ್ಧ ಭಾಗವನ್ನೇ ತರಿಸಿ ಹಾಕಿ. ಇಲ್ಲಿ ಅಸಲಿತನಕ್ಕಿಂತ ಪ್ರಾಣ ದೊಡ್ಡದು.

ಪ್ರಶ್ನೆ: ಜೀಪು ಪೂರ್ತಿ ಸಿದ್ಧವಾಗಿದೆ. ಬಣ್ಣ ಮತ್ತು ಮೇಲಿನ ಹೊದಿಕೆ ಮಾತ್ರ ಬಾಕಿ. ಯುದ್ಧಕಾಲದ ಹಸಿರೇ ಹೊಡೆಸಬಹುದೆ?
— ಒಬ್ಬ ಓದುಗರು, ಮಡಗಾಂವ್, ಗೋವಾ

ಉತ್ತರ: ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ರಕ್ಷಣಾ ಇಲಾಖೆಯದಲ್ಲದ ವಾಹನಕ್ಕೆ ಆಲಿವ್ ಗ್ರೀನ್ ಬಳಿಯುವಂತಿಲ್ಲ. ಆಗಿನ ಅಮೆರಿಕನ್ ಬಣ್ಣ ಹೊಳಪಿಲ್ಲದ, ಕಂದಿಗೆ ಸರಿದ ಹಸಿರು. ನಮ್ಮ ಸೈನ್ಯದ ಹಸಿರಿಗಿಂತ ಬೇರೆ. ಆದರೆ ರಸ್ತೆಯಲ್ಲಿ ನಿಲ್ಲಿಸುವ ಪೊಲೀಸರಿಗೆ ಆ ವ್ಯತ್ಯಾಸ ಕಾಣಬೇಕಲ್ಲ. ಒಂದು ತಗಡಿನ ಮೇಲೆ ಬಣ್ಣ ಹೊಡೆಸಿ ಆರ್.ಟಿ.ಓ.ಗೆ ಒಯ್ದು ತೋರಿಸಿ, ಲಿಖಿತ ಉತ್ತರ ಪಡೆದ ಮೇಲೆ ಡಬ್ಬಿ ತೆರೆಯಿರಿ.

2021ರ ವಿಂಟೇಜ್ ನಿಯಮವನ್ನೂ ಓದಿಕೊಳ್ಳಿ. 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಕ್ಕೆ ‘ವಿ.ಎ.’ ಅಕ್ಷರವಿರುವ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ ಊರ್ಜಿತ. ಚಾಸಿ, ಬಾಡಿ, ಎಂಜಿನ್ ಬದಲಿಸಿ ರೂಪ ಕೆಡಿಸಿದ್ದರೆ ಸಿಗದು. ಹಾಗಾಗಿ ನೀವು ಮಾಡಿಸಿದ ಪ್ರತಿ ಭಾಗದ ಡ್ರಾಯಿಂಗ್, ಫೋಟೊ, ಬಿಲ್ಲುಗಳನ್ನು ಒಂದು ಫೈಲಿನಲ್ಲಿಟ್ಟು ತಪಾಸಣೆಗೆ ಹೋಗಿ.

ಹೊದಿಕೆಗೆ ಹತ್ತಿಯ ಕ್ಯಾನ್ವಾಸೇ ಇರಲಿ, ಪ್ಲಾಸ್ಟಿಕ್ ತಾಡಪತ್ರಿ ಬೇಡ. ಹೊಲಿಗೆಗೂ ಹತ್ತಿಯ ದಾರವೇ: ನೀರು ಬಿದ್ದಾಗ ದಾರ ಉಬ್ಬಿ ಸೂಜಿಯ ತೂತು ಮುಚ್ಚುತ್ತದೆ. ಬಾಡಿಯ ಅಡಿಯ ಚಾನೆಲ್ಲುಗಳಲ್ಲಿ ಕಾರ್ಖಾನೆಯವರು ಮರದ ತುಂಡು ಸೇರಿಸಿದ್ದರು. ನಿಮ್ಮ ಕರಾವಳಿಯ ಮಳೆಯಲ್ಲಿ ಅವು ನೀರು ಹಿಡಿದು ತಗಡನ್ನು ಒಳಗಿಂದ ತಿನ್ನುತ್ತವೆ. ಬಣ್ಣಕ್ಕೆ ಮೊದಲು ಅವನ್ನು ಕಳಚಿ ನೋಡಿ, ಹೊಸ ಮರ ಹಾಕುವುದಾದರೆ ನಾಲ್ಕೂ ಮೈಗೆ ಪ್ರೈಮರ್ ಕುಡಿಸಿ ಕೂರಿಸಿ.